48 ಗಂಟೆ, ಒಂದು ಅಟ್ಟೆ ಮಲ್ಲಿಗೆ

ಶುಕ್ರವಾರ ಸಂಜೆ 7 ಗಂಟೆಗೆ ಮಣಿಪಾಲದಲ್ಲಿ ನಮ್ಮ ತಂಡಕ್ಕೆ ಚೀಟಿ ಸಿಕ್ಕಿತು. ವಿಷಯ, ಅಗಲಿಕೆ. ಸಿನಿಮಾದಲ್ಲಿ ಕಾಣಿಸಲೇಬೇಕಾದ ವಸ್ತು, ಒಂದು ಚೊಂಬು. ಯಾರಾದರೂ ಆಡಲೇಬೇಕಾದ ಮಾತು, ‘ನಾಳೆ ನೋಡುವಾ’. ಐದು ನಿಮಿಷದೊಳಗಿನ ಕಿರುಚಿತ್ರ ಭಾನುವಾರ ಸಂಜೆ 7ರ ಒಳಗೆ ಮುಗಿಸಿ ಕೊಡಬೇಕು. 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾದ ‘48 ಅವರ್ ಫಿಲ್ಮ್ ಪ್ರಾಜೆಕ್ಟ್’ನ ಹಾಗೆಯೇ ನಮ್ಮ ಈ ಸಣ್ಣ ಸ್ಪರ್ಧೆ ಕೂಡ. ವಸ್ತು ಯಾವುದು, ಮಾತು ಯಾವುದು ಅಂತ ಮೊದಲೇ ಹೇಳುವುದಿಲ್ಲ. ಯಾವತ್ತೋ ತೆಗೆದಿಟ್ಟ ಸಿನಿಮಾವನ್ನು ಯಾರೂ ತಂದು ಕೊಡಬಾರದಲ್ಲ, ಅದಕ್ಕೆ.

ನಾವು ನಾಲ್ಕು ಜನ. ಕ್ಯಾಮೆರಾಕ್ಕೆ ಒಬ್ಬ, ಧ್ವನಿಗೆ ಒಬ್ಬಳು, ಎಡಿಟಿಂಗ್‌ಗೆ ಒಬ್ಬ. ಬರೆಯುವುದು, ನಿರ್ದೇಶನ ನನ್ನದು.

ಎಡಿಟಿಂಗ್ ಹುಡುಗ ಅರ್ಧ ಗಂಟೆಯಲ್ಲೇ ಕಥೆ ಹೇಳಿದ. ಆಸ್ಪತ್ರೆ, ಸಾವು, ಆಮೇಲೆ ದುಃಖದ ಐದು ಹಂತ. ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ನಿಮಿಷಕ್ಕೊಂದು ಹಂತ, ಐದು ನಿಮಿಷಕ್ಕೆ ಸರಿಯಾಯಿತು. ನನಗೆ ಮನಸ್ಸು ಬರಲಿಲ್ಲ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಆ ಐದು ಹಂತಗಳ ಬಗ್ಗೆ ಬರೆದದ್ದು ಸಾವಿನ ಬಾಗಿಲಲ್ಲಿದ್ದ ರೋಗಿಗಳ ಜೊತೆ ಕೂತು ಮಾತಾಡಿ. ಮನೆಯಲ್ಲಿ ಉಳಿದವರ ಪಾಡು ಬೇರೆ. ಅದನ್ನು ನಾನು ಒಂದು ವರ್ಷದಿಂದ ಹತ್ತಿರದಿಂದ ನೋಡುತ್ತಿದ್ದೆ. ನಮ್ಮ ದೊಡ್ಡಮ್ಮ ಯಾವ ಹಂತವನ್ನೂ ದಾಟಿ ಮುಂದೆ ಹೋದವರ ಹಾಗೆ ಕಾಣುತ್ತಿರಲಿಲ್ಲ. ನಗುತ್ತಿದ್ದರು, ಕೆಲಸ ಮಾಡುತ್ತಿದ್ದರು, ನಡುವೆ ಎಲ್ಲೋ ನಿಂತುಬಿಡುತ್ತಿದ್ದರು.

ದೊಡ್ಡಮ್ಮನ ಮನೆ ಶಂಕರಪುರದ ಹತ್ತಿರ. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಿರ್ವದ ಕಡೆಗೆ ತಿರುಗಿದರೆ ಆ ಊರು. ಹೊರಗಿನವರು ಉಡುಪಿ ಮಲ್ಲಿಗೆ ಅಂತಾರೆ, ನಾವು ಶಂಕರಪುರ ಮಲ್ಲಿಗೆ ಅಂತೇವೆ, ಹೂ ಒಂದೇ. ಅವರ ಅಂಗಳದಲ್ಲಿ 40 ಗಿಡ ಉಂಟು. ದೊಡ್ಡಪ್ಪ ಕೊಯ್ಯುವುದು, ದೊಡ್ಡಮ್ಮ ಕಟ್ಟುವುದು, 30 ವರ್ಷ ಹಾಗೆಯೇ ನಡೆಯಿತು. ಮಕ್ಕಳು ಓದಿದ್ದೂ ಅದರಲ್ಲೇ.

ಹಿಂದಿನ ಏಪ್ರಿಲ್‌ನಲ್ಲಿ ದೊಡ್ಡಪ್ಪ ತೀರಿಕೊಂಡರು. ಗಿಡದ ತುಂಬ ಹೂ ಬರುವ ಸಮಯ. ಸೂತಕ ಅಂತ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಆ ಮನೆಯ ಹೂ ಕೊಯ್ಯಲಿಲ್ಲ. ಮಲ್ಲಿಗೆಯನ್ನು ಬೆಳಿಗ್ಗೆ ಮೊಗ್ಗಿರುವಾಗಲೇ ಕೊಯ್ಯಬೇಕು. ಬಿಟ್ಟರೆ ಸಂಜೆಗೆ ಗಿಡದಲ್ಲೇ ಅರಳುತ್ತದೆ. ಅಷ್ಟೂ ದಿನ ಅಷ್ಟೂ ಗಿಡ ಅರಳಿತು. ಆಮೇಲೊಂದು ದಿನ ದೊಡ್ಡಮ್ಮ ನನ್ನ ಹತ್ತಿರ ಹೇಳಿದ್ದರು, “ನಂಗೆ ನಿದ್ದೆ ಬಾರದ್ದು ಅಳುವಿಂದ ಅಲ್ಲ ಮಗಾ. ರಾತ್ರಿಯಿಡೀ ಆ ಪರಿಮಳ. ಕಿಟಕಿ ಹಾಕಿದ್ರೂ ಒಳಗೆ ಬರ್ತಿತ್ತು.”

ಚೀಟಿ ಕೈಯಲ್ಲಿ ಹಿಡಿದಾಗಿನಿಂದ ನನ್ನ ಕಿವಿಯಲ್ಲಿದ್ದದ್ದು ಆ ಮಾತು. 9 ಗಂಟೆಗೆ ಫೋನ್ ಮಾಡಿದೆ. ಏನು ತೆಗೆಯಬೇಕು ಅಂತಿದ್ದೇನೆ, ಯಾಕೆ, ಎಲ್ಲ ಹೇಳಿದೆ. ನಿಮಗೆ ಬೇಡ ಅನ್ನಿಸಿದ್ದನ್ನು ಅಲ್ಲೇ ಅಳಿಸುತ್ತೇವೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬನ್ನಿ. ಆದ್ರೆ ಹೂ ನಿಮಗೋಸ್ಕರ ಕಾಯುದಿಲ್ಲ, ಗೊತ್ತುಂಟಲ್ಲ?” ಅಂದರು.

ಶನಿವಾರ ಬೆಳಿಗ್ಗೆ 5ಕ್ಕೆ ಅಂಗಳದಲ್ಲಿದ್ದೆವು. ದೊಡ್ಡಮ್ಮ ತಲೆಗೆ ಬ್ಯಾಟರಿ ಕಟ್ಟಿಕೊಂಡು ಆಗಲೇ ಕೊಯ್ಯುತ್ತಿದ್ದರು. ನಾವು ಬೇರೆ ಲೈಟು ಹಾಕಲಿಲ್ಲ. ಆ ಒಂದು ಬೆಳಕಿನ ವೃತ್ತ ಗಿಡದಿಂದ ಗಿಡಕ್ಕೆ ಹೋಗುವುದೇ ನಮ್ಮ ಮೊದಲ ದೃಶ್ಯವಾಯಿತು. ನಾನು ಒಂದು ಉಪಕಾರ ಕೇಳಿದೆ, ಕಿಟಕಿಯ ಹತ್ತಿರದ ಒಂದು ಗಿಡ ಕೊಯ್ಯದೆ ಬಿಡಿ ಅಂತ. ಅವರು ಬ್ಯಾಟರಿಯ ಬೆಳಕನ್ನು ನನ್ನ ಮುಖದ ಮೇಲೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಆ ಗಿಡ ಬಿಟ್ಟು ಮುಂದೆ ಹೋದರು.

ಒಳಗೆ ಚಾವಡಿಯಲ್ಲಿ ಚಾಪೆ. ಹಳೆಯ ಟ್ಯೂಬ್‌ಲೈಟ್ ಮಿನುಗಬಾರದು ಅಂತ ಕ್ಯಾಮೆರಾದವನು ಸೆಕೆಂಡಿಗೆ 25 ಫ್ರೇಮ್ ಇಟ್ಟ. ನಮ್ಮ ಕರೆಂಟು 50 ಹರ್ಟ್ಸ್, 24 ಇಟ್ಟರೆ ಕೆಲವೊಮ್ಮೆ ಕೈ ಕೊಡುತ್ತದೆ. ಧ್ವನಿಯ ಹುಡುಗಿ ಫ್ಯಾನ್ ನಿಲ್ಲಿಸಿದಳು, ಫ್ರಿಜ್ ಆಫ್ ಮಾಡಿದಳು. ಹೋಗುವಾಗ ಫ್ರಿಜ್ ಹಾಕಲು ಮರೆಯಬಾರದಲ್ಲ, ಅದಕ್ಕೆ ನನ್ನ ಸ್ಕೂಟರಿನ ಕೀ ತೆಗೆದು ಫ್ರಿಜ್ಜಿನ ಒಳಗೇ ಇಟ್ಟಳು. ಏಪ್ರಿಲ್ ಸೆಕೆ. ಎಲ್ಲರ ಬೆನ್ನೂ ಒದ್ದೆ.

ಚೊಂಬಿಗೆ ನಾವು ಜಾಗ ಹುಡುಕಬೇಕಾಗಲಿಲ್ಲ. ಬಾಳೆನಾರು ಒಣಗಿದರೆ ತುಂಡಾಗುತ್ತದೆ. ಅದಕ್ಕೆ ಪಕ್ಕದಲ್ಲಿ ಚೊಂಬಿನ ನೀರು ಇಟ್ಟುಕೊಂಡು ಬೆರಳು ಅದ್ದಿ ಅದ್ದಿ ನಾರು ಒದ್ದೆ ಮಾಡುತ್ತಾರೆ. ಎರಡು ಮೊಗ್ಗು ಆಚೆ, ಎರಡು ಈಚೆ, ನಾರು ಒಂದು ಸುತ್ತು, ಹೆಬ್ಬೆರಳಿನ ಉಗುರಿನಿಂದ ಒಂದು ಒತ್ತು. 800 ಮೊಗ್ಗಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಮೊಗ್ಗು. ದೊಡ್ಡಮ್ಮ ಬಾಯಲ್ಲಿ ಎಣಿಸುವುದಿಲ್ಲ. ಬೇರೆ ಏನೋ ಮಾತಾಡುತ್ತಲೇ ಇರುತ್ತಾರೆ, ಸರಿಯಾದಲ್ಲಿ ಕೈ ನಿಲ್ಲುತ್ತದೆ.

ಮೊದಲೆಲ್ಲ ದೊಡ್ಡಪ್ಪ ಎದುರು ಕೂತು ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಸಾಲು ಮಾಡಿ ಇಡುತ್ತಿದ್ದರು, ದೊಡ್ಡಮ್ಮ ಎತ್ತಿ ಕಟ್ಟುತ್ತಿದ್ದರು. ಈಗ ಎರಡೂ ಅವರೇ ಮಾಡಬೇಕು. ಎರಡನೇ ಟೇಕ್ ನಡೆಯುವಾಗ ಕ್ಯಾಮೆರಾದವನು ನನ್ನ ತೋಳು ಹಿಡಿದ. ನಾನೂ ಆಗಲೇ ಗಮನಿಸಿದ್ದು. ಕಟ್ಟಿದ ಸಾಲು ಮುಗಿದ ಕೂಡಲೇ ದೊಡ್ಡಮ್ಮ ಎದ್ದರು. ಚಾಪೆಯ ಆ ಬದಿಗೆ ಹೋಗಿ, ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು, ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಇಟ್ಟರು. ಮತ್ತೆ ಎದ್ದು ಈ ಬದಿಗೆ ಬಂದು ಕಟ್ಟತೊಡಗಿದರು. ನಾವು ಹೇಳಿಕೊಟ್ಟದ್ದಲ್ಲ. ಮಂಡಿನೋವು ಇರುವ ಹೆಂಗಸು, ಪ್ರತಿ ಸಾಲಿಗೂ ಎದ್ದು, ಸುತ್ತು ಬಂದು, ಕೂತು, ಏಳುವುದು. ಅವನು ಕಿವಿಯಲ್ಲಿ ಕೇಳಿದ, “ಯಾಕೆ ಅಂತ ಕೇಳುವುದಾ?” ಬೇಡ ಅಂದೆ. ಕೇಳಿದರೆ ಅವರಿಗೆ ಅದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ಎದ್ದು ಹೋಗುವುದು ಮೊದಲಿನ ಹಾಗೆ ಇರುವುದಿಲ್ಲ. ಮುಖಕ್ಕೆ ಹತ್ತಿರ ಹೋಗುವ ಯೋಚನೆ ಅಲ್ಲೇ ಬಿಟ್ಟೆವು. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಇಡೀ ಚಾಪೆ ಕಾಣುವ ಹಾಗೆ ಇಟ್ಟೆವು.

ಹತ್ತು ಗಂಟೆಯ ಸುಮಾರಿಗೆ ಟೇಕ್ ಮಧ್ಯೆ ದೊಡ್ಡಮ್ಮ ಎದ್ದುಬಿಟ್ಟರು. “ಹೂ ಕಟ್ಟೆಗೆ ಮುಟ್ಟುವ ಹೊತ್ತಾಯ್ತು.” ನಮ್ಮಿಂದ ಆಗಲೇ ತಡವಾಗಿತ್ತು. ನಾನೇ ತಲುಪಿಸುತ್ತೇನೆ ಅಂದೆ. ಫ್ರಿಜ್ಜಿನಿಂದ ತೆಗೆದ ಕೀ ತಣ್ಣಗಿತ್ತು. ಬಾಳೆಲೆಯಲ್ಲಿ ಸುತ್ತಿದ ಅಟ್ಟೆಯನ್ನು ಮುಂದೆ ಇಟ್ಟುಕೊಂಡು, ದೊಡ್ಡಪ್ಪ ದಿನಾ ಹೋಗುತ್ತಿದ್ದ ದಾರಿಯಲ್ಲಿ ಹೋದೆ.

ಕಟ್ಟೆಯಲ್ಲಿ ಹೂ ತೆಗೆದುಕೊಳ್ಳುವವರು ಪುಸ್ತಕ ಬಿಡಿಸಿದರು. ಆ ಪುಟದ ಮೇಲೆ ದೊಡ್ಡಪ್ಪನ ಹೆಸರು. ನಾನು ನೋಡುವುದನ್ನು ಅವರು ಕಂಡರು. “ಲೆಕ್ಕ ಇನ್ನೂ ಅವರ ಹೆಸರಿನಲ್ಲೇ ಉಂಟು. ಬದಲಿಸುವಾ ಅಕ್ಕ ಅಂತ ಎಷ್ಟು ಸಲ ಕೇಳಿದ್ದೇನೆ. ನಾಳೆ ನೋಡುವಾ ಅಂತಾರೆ.”

ನಮ್ಮ ಕಡೆ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಆದರೂ ಅಲ್ಲಿ ನಿಂತು ಕೇಳುವಾಗ ನನ್ನ ಕೈಯಲ್ಲಿದ್ದ ರಸೀದಿ ನಡುಗಿತು. ರಾತ್ರಿ ಒಂದು ಗಂಟೆಯವರೆಗೆ ಆ ಸಾಲನ್ನು ಯಾರ ಬಾಯಲ್ಲಿ ಹೇಳಿಸುವುದು ಅಂತ ನಾಲ್ಕು ಜನ ಜಗಳ ಮಾಡಿದ್ದೆವು. ಮನೆಗೆ ಬಂದು ದೊಡ್ಡಮ್ಮನಲ್ಲಿ ಕೇಳಿದೆ. ಕಟ್ಟೆಯಿಂದ ಫೋನ್ ಬಂದ ಹಾಗೆ ಒಂದು ದೃಶ್ಯ ಮಾಡುವಾ, ಹೆಸರು ಬದಲಿಸುವ ವಿಷಯ, ಆಗಬಹುದಾ? “ಅದು ಸುಳ್ಳೇನಲ್ಲವಲ್ಲ,” ಅಂದರು. ಒಂದೇ ಟೇಕಿನಲ್ಲಿ ಆಯಿತು.

ಮಧ್ಯಾಹ್ನ ಗಂಜಿ ಊಟ ಮಾಡುವಾಗ ಎಡಿಟಿಂಗ್ ಹುಡುಗನಿಗೆ ಇನ್ನೊಂದು ಹೊಳೆಯಿತು. ಸಿನಿಮಾದ ಕೊನೆಗೆ ಅವರು ಒಂದು ತುಂಡು ಮಲ್ಲಿಗೆ ತಲೆಗೆ ಮುಡಿಯಲಿ, ಗಂಡ ಸತ್ತವಳು ಹೂ ಮುಡಿಯಬಾರದು ಅನ್ನುವುದನ್ನು ಮುರಿದ ಹಾಗಾಗುತ್ತದೆ ಅಂದ. ಅವನ ಮನಸ್ಸು ಒಳ್ಳೆಯದೇ. ಆ ಕಟ್ಟಳೆ ನನಗೂ ಇಷ್ಟವಿಲ್ಲ. 30 ವರ್ಷ ಹೂ ಕಟ್ಟಿದವರಿಗೆ ಒಂದು ಎಸಳು ಮುಡಿಯಲು ಯಾರ ಅಪ್ಪಣೆ ಬೇಕು? ನಾನೇ ಹೋಗಿ ಕೇಳಿದೆ.

ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದರು. ಕೈ ನಿಲ್ಲಿಸಿದರು. “ನಂಗೆ ಮುಡಿಬೇಕು ಅಂತ ಅನ್ನಿಸಿದ ದಿನ ನಾನು ಮುಡಿತೇನೆ ಮಗಾ. ಯಾರನ್ನೂ ಕೇಳುದಿಲ್ಲ. ನಿಮ್ಮ ಸಿನಿಮಾ ನಾಳೆ ಮುಗಿಬೇಕು ಅಂತ ನಾನು ಇವತ್ತು ಮುಡಿಯುದಾ?”

ಚೀಟಿಯ ಹಿಂದೆ ಬರೆದಿದ್ದ ಕೊನೆಯ ದೃಶ್ಯವನ್ನು ಅಲ್ಲೇ ಹೊಡೆದು ಹಾಕಿದೆ. ನಮಗೆ 48 ಗಂಟೆ ಕೊಟ್ಟದ್ದು ಸಿನಿಮಾ ಮುಗಿಸಲಿಕ್ಕೆ. ಅವರ ದುಃಖ ಮುಗಿಸಲಿಕ್ಕೆ ನಮಗೆ ಯಾರೂ ಹೇಳಿರಲಿಲ್ಲ.

ಉಳಿದದ್ದು ಪರಿಮಳ. ಪರಿಮಳವನ್ನು ತೋರಿಸುವುದು ಹೇಗೆ? ಮೂಗು ಅರಳಿಸುವುದು, ಕಣ್ಣು ಮುಚ್ಚುವುದು, ಇದೆಲ್ಲ ಸೋಪಿನ ಜಾಹೀರಾತಿನ ಹಾಗಾಗುತ್ತದೆ. ಸಂಜೆ ಆರೂವರೆ ದಾಟಿದ ಮೇಲೆ, ಬಿಟ್ಟ ಆ ಒಂದು ಗಿಡ ಬೆಳ್ಳಗೆ ಅರಳಿ ನಿಂತಿತು. ಕ್ಯಾಮೆರಾ ಕೋಣೆಯ ಒಳಗಿಟ್ಟೆವು. ದೊಡ್ಡಮ್ಮ ಬಂದು ಕಿಟಕಿ ಹಾಕಬೇಕು, ಚಿಲಕ ಎಳೆಯಬೇಕು, ಮಂಚದ ಮೇಲೆ ಕೂರಬೇಕು. ಸ್ವಲ್ಪ ಹೊತ್ತು ಬಿಟ್ಟು ಎದ್ದು, ಚಿಲಕ ಸರಿಯಾಗಿ ಬಿದ್ದಿದೆಯಾ ಅಂತ ಇನ್ನೊಮ್ಮೆ ನೋಡಬೇಕು. ಅಷ್ಟೇ.

ಅದು ಮುಗಿದ ಮೇಲೆ ಧ್ವನಿಯ ಹುಡುಗಿ ರೂಮ್ ಟೋನ್ ಬೇಕು ಅಂದಳು. ಯಾರೂ ಮಾತಾಡದೆ, ಕದಲದೆ ಒಂದು ನಿಮಿಷ ನಿಲ್ಲುವುದು, ಆ ಕೋಣೆಯ ಬರಿಯ ಸದ್ದನ್ನು ಹಿಡಿಯುವುದು. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಮೌನ ಹರಿದುಹೋಗದ ಹಾಗೆ ಎಡಿಟಿಂಗ್‌ನಲ್ಲಿ ಅದನ್ನು ಅಡಿಗೆ ಹಾಸುತ್ತಾರೆ. ಎಲ್ಲರೂ ನಿಂತೆವು. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ. ಕಿಟಕಿ ಹಾಕಿತ್ತು. ಪರಿಮಳ ಒಳಗೇ ಇತ್ತು.

ಹುಡುಗಿಯ ಮುಖ ಬದಲಾಯಿತು. ಹೆಡ್‌ಫೋನ್ ಇದ್ದದ್ದು ಅವಳಿಗೆ ಮಾತ್ರ. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೆಗಲು ಕೂಡ ಅಲುಗುತ್ತಿರಲಿಲ್ಲ. ಅವಳು ನಿಧಾನಕ್ಕೆ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಂಡಳು. ಹೋಗಿ ಅವರ ಹತ್ತಿರ ಕೂತಳು. ರೆಕಾರ್ಡರ್ ನಿಲ್ಲಿಸಲು ಅವಳಿಗೆ ನೆನಪಾಗಲಿಲ್ಲ, ನನಗೂ ಇಲ್ಲ.

ರಾತ್ರಿ ಮಣಿಪಾಲದ ರೂಮಿನಲ್ಲಿ ಎಡಿಟಿಂಗ್. ಮುಖದ ಹತ್ತಿರದ ದೃಶ್ಯ ಒಂದೂ ಇಲ್ಲ, ಭಾವನೆ ಎಲ್ಲಿಂದ ಬರಬೇಕು ಅಂತ ಹುಡುಗನಿಗೆ ಚಿಂತೆ. ಸುಮಾರು 1920ರ ಹೊತ್ತಿಗೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ಅವನಿಗೆ ನೆನಪಿಸಿದೆ. ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ. ನಮಗೂ ಹಾಗೆಯೇ ಆಯಿತು. ಚಾಪೆಯ ಆ ಬದಿ, ಈ ಬದಿ, ಆಮೇಲೆ ಪುಸ್ತಕದ ಹೆಸರು, ಮತ್ತೆ ಚಾಪೆ. ನಾಲ್ಕು ದೃಶ್ಯ ಜೋಡಿಸಿ ನೋಡಿದವನು ಕುರ್ಚಿಗೆ ಒರಗಿ ಸುಮ್ಮನಾದ.

ರೂಮ್ ಟೋನ್ ಹಾಸುವಾಗ 22ನೇ ಸೆಕೆಂಡಿಗೆ ಅದು ಕೇಳಿತು. ಅಳು ಅಂತ ಹೇಳಲಿಕ್ಕಾಗದು. ಒಂದು ಉಸಿರು ಅರ್ಧಕ್ಕೆ ನಿಂತು, ಬಿಟ್ಟದ್ದು. ಮೊದಲ 20 ಸೆಕೆಂಡು ಮಾತ್ರ ಕತ್ತರಿಸಿ ಮತ್ತೆ ಮತ್ತೆ ಹಾಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇಡೀ ಸಿನಿಮಾದಲ್ಲಿ ಅದಕ್ಕಿಂತ ನಿಜವಾದದ್ದು ಬೇರೆ ಇರಲಿಲ್ಲ. ಬೇರೆಯವರ ಉಸಿರು ಅದು, ನಾವು ಕೇಳದೆ ತೆಗೆದುಕೊಂಡದ್ದು. ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ. ಅವರು ಹೂ ಕೊಯ್ಯುತ್ತಿದ್ದರು.

“ಎಂತ ಕೇಳ್ತದೆ ಅದರಲ್ಲಿ?”

“ಉಸಿರು ಕೇಳ್ತದೆ ದೊಡ್ಡಮ್ಮಾ. ನಿಮ್ಮದು.”

“ಮುಖ ಕಾಣ್ತದಾ?”

“ಇಲ್ಲ.”

“ಹಾಗಾದ್ರೆ ಇರ್ಲಿ.”

ಸಂಜೆ 6.40ಕ್ಕೆ ಪೆನ್‌ಡ್ರೈವ್ ಕೊಟ್ಟೆವು. ಬಹುಮಾನ ಬರಲಿಲ್ಲ. ಆ ದಿನ ಅದರ ಬಗ್ಗೆ ಬೇಸರವಾಗಿತ್ತು, ಈಗ ಇಲ್ಲ.

ಮುಂದಿನ ವಾರ ದೊಡ್ಡಮ್ಮನ ಮನೆಗೆ ಹೋದೆ. ಬಿಟ್ಟ ಗಿಡದ ಹೂವಿನ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಚಾಪೆಯ ಮೇಲೆ ಕೂತು ನನ್ನ ಮೊಬೈಲಿನಲ್ಲಿ ಸಿನಿಮಾ ನೋಡಿದರು. ಕಿಟಕಿಯ ದೃಶ್ಯಕ್ಕೆ ಏನೂ ಹೇಳಲಿಲ್ಲ. ಉಸಿರಿನ ಜಾಗ ದಾಟಿತು, ಅವರಿಗೆ ಕೇಳಿತೋ ಇಲ್ಲವೋ. ಚಾಪೆಯ ದೃಶ್ಯದ ಬಗ್ಗೆ ಕೇಳಿದ್ದು ಎಲ್ಲ ಮುಗಿದ ಮೇಲೆ.

“ನಾನು ಆಚೆ ಹೋಗಿ ಕೂತದ್ದು ಯಾವಾಗ? ನೀವು ಹೇಳಿದ್ದಾ?”

“ಇಲ್ಲ ದೊಡ್ಡಮ್ಮಾ. ನೀವಾಗಿಯೇ ಹೋದದ್ದು.”

ಅವರು ಚಾಪೆಯ ಆ ಬದಿಯನ್ನೇ ನೋಡುತ್ತಿದ್ದರು.

“ಅಲ್ಲಿ ಬೆಳಕು ಜಾಸ್ತಿ, ಅಲ್ವಾ,” ಅಂದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಅದೊಂದನ್ನು ಇನ್ನೊಮ್ಮೆ ಹಾಕು ಅಂತ ಮೊಬೈಲನ್ನು ನನ್ನ ಕೈಗೆ ಕೊಟ್ಟರು.