ಕೆಂಪು ಕರ್ಚೀಫು

ಸಂಡೂರಿಂದ ಬಳ್ಳಾರಿಗೆ ಬರುವ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಇಳಿದ ಮೇಲೆ ಕನ್ನಡಕ ಒರೆಸಿದೆ. ಬಿಳಿ ಕರ್ಚೀಫು ಕೆಂಪಾಯಿತು. ಅದಿರಿನ ಧೂಳು, ಹೊಸದೇನಲ್ಲ ಬಿಡಿ.

ದಾರಿಯುದ್ದಕ್ಕೂ ಓದಿದ್ದು 'ದಿ ಗ್ರೇಟ್ ಗ್ಯಾಟ್ಸ್‌ಬಿ'. 1925ರ ಕಾದಂಬರಿ. ಬಂಗಲೆ, ಪಾರ್ಟಿ ಎಲ್ಲಾ ಜೋರಾಗಿದೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಬೂದಿ ಬಯಲು. ಶ್ರೀಮಂತರು ನ್ಯೂಯಾರ್ಕಿಗೆ ಹೋಗುವಾಗ ಅದನ್ನು ದಾಟಿಯೇ ಹೋಗಬೇಕು. ಅಲ್ಲಿ ದುಡಿಯುವವರ ಮೈಮೇಲೂ ಬೂದಿ. ಮೇಲೆ ಕಣ್ಣಿನ ಡಾಕ್ಟರೊಬ್ಬನ ಹಳೇ ಬೋರ್ಡು. ಮುಖವೇ ಇಲ್ಲ, ಬರೀ ಎರಡು ದೊಡ್ಡ ಕಣ್ಣು, ಹಳದಿ ಕನ್ನಡಕ. ದುಡ್ಡನ್ನು ಬೈಯೋದಕ್ಕೆ ಭಾಷಣ ಯಾಕೆ, ಆ ಜಾಗ ತೋರಿಸಿದರೆ ಸಾಕಲ್ವಾ?

ತೋರಣಗಲ್ಲಿನ ಹತ್ತಿರ ದೊಡ್ಡ ಕಾರೊಂದು ಗಾಜು ಏರಿಸಿಕೊಂಡು ನಮ್ಮನ್ನು ಹಿಂದೆ ಹಾಕಿತ್ತು.

ಕರ್ಚೀಫು ಎರಡು ಸಲ ತೊಳೆದೆ. ಇನ್ನೂ ತಿಳಿಗೆಂಪು.