ಅಮೃತಸರದ ಪಂಕ್ತಿಯಲ್ಲಿ ಒಂದು ಊಟ

ಅಮೃತಸರಕ್ಕೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಬರೀ ಬಂಗಾರ. ಕ್ಯಾಲೆಂಡರಿನಲ್ಲಿ ಇರುತ್ತಲ್ಲ, ನೀರಿನ ನಡುವೆ ಹೊಳೆಯುವ ಆ ಗುಡಿ, ಅದನ್ನು ಕಣ್ಣಾರೆ ನೋಡಬೇಕು. ನಾಲ್ಕು ಫೋಟೊ ಹೊಡೆಯಬೇಕು. ಸಂಜೆ ವಾಘಾ ಗಡಿಗೆ ಹೋಗಿ ಸೈನಿಕರ ಕವಾಯತು ನೋಡಬೇಕು. ಇಷ್ಟೇ ಪ್ಲಾನು. ವಾಘಾ ನೋಡಲೇ ಇಲ್ಲ. ಅದಕ್ಕೆ ಕಾರಣ ಬೆಳ್ಳುಳ್ಳಿ.

ಡಿಸೆಂಬರ್ ತಿಂಗಳು. ದೆಹಲಿಯಿಂದ ಹೊರಟ ರೈಲು ಮಂಜಿನಲ್ಲಿ ತೆವಳಿಕೊಂಡು ಬಂದು ತಲುಪುವಷ್ಟರಲ್ಲಿ ಬೆಳಗಿನ ತಿಂಡಿ ಹೊತ್ತು ಮೀರಿತ್ತು. ರೂಮಿನಲ್ಲಿ ಬ್ಯಾಗ್ ಎಸೆದು ನೇರ ಹರ್‌ಮಂದಿರ್ ಸಾಹಿಬ್ ಕಡೆ ನಡೆದೆ. ಅಲ್ಲಿನವರು ಅದನ್ನು ಗೋಲ್ಡನ್ ಟೆಂಪಲ್ ಅನ್ನೋದು ನಮ್ಮಂಥ ಪ್ರವಾಸಿಗಳಿಗೋಸ್ಕರ. ಅವರವರಲ್ಲಿ ಅದು ದರ್ಬಾರ್ ಸಾಹಿಬ್.

ಚಪ್ಪಲಿ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿ, ಬಾಗಿಲಲ್ಲಿ ಹರಿಯುವ ನೀರಿಗೆ ಕಾಲಿಟ್ಟೆ. ಚಳಿ ಮಂಡಿವರೆಗೆ ಏರಿತು. ಆಮೇಲೆ ಮೆಟ್ಟಿಲು. ನಮ್ಮ ಕಡೆ ದೇವರನ್ನು ನೋಡಬೇಕಂದ್ರೆ ಸಾಮಾನ್ಯವಾಗಿ ಬೆಟ್ಟ ಹತ್ತಬೇಕು. ಇಲ್ಲಿ ಇಳಿಯಬೇಕು. ಗುಡಿ ಇರುವುದೇ ಸುತ್ತಲಿನ ಊರಿಗಿಂತ ತಗ್ಗಿನಲ್ಲಿ. ಬಾಗಿಲು ಒಂದಲ್ಲ, ನಾಲ್ಕು ದಿಕ್ಕಿಗೆ ನಾಲ್ಕು. ಯಾವ ಕಡೆಯಿಂದ ಬಂದವರಿಗೂ ಒಳಗೆ ಜಾಗ ಇದೆ ಅನ್ನುವುದಕ್ಕೆ ಹಾಗೆ ಕಟ್ಟಿದ್ದಾರೆ. ಕೆರೆ ತೋಡಿಸಿದ್ದು 1577ರಲ್ಲಿ ಸಿಖ್ಖರ ನಾಲ್ಕನೆಯ ಗುರು ರಾಮದಾಸರು. ಅದರ ನಡುವೆ ಗುಡಿ ಕಟ್ಟಿಸಿದ್ದು ಅವರ ಮಗ, ಐದನೆಯ ಗುರು ಅರ್ಜನ್ ದೇವ್. ಬಂಗಾರ ಬಂದದ್ದು ತುಂಬಾ ಆಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ, ಮಹಾರಾಜ ರಣಜಿತ್ ಸಿಂಗ್ ಕಾಲಕ್ಕೆ.

ಒಳಗೆ ಹೋಗುವ ಕಿರುಸೇತುವೆ ಮೇಲೆ ಎರಡು ತಾಸು ಸಾಲು. ಯಾರೂ ಗೊಣಗುತ್ತಿರಲಿಲ್ಲ. ನಾನೊಬ್ಬ ಗೊಣಗಿದೆ, ಅದೂ ಕನ್ನಡದಲ್ಲಿ, ಯಾರಿಗೂ ತೊಂದರೆ ಆಗಲಿಲ್ಲ. ಒಳಗೆ ಮೂರ್ತಿ ಇಲ್ಲ. ಮೇಲ್ಕಟ್ಟಿನ ಕೆಳಗೆ, ಬಟ್ಟೆ ಹಾಸಿದ ಪೀಠದ ಮೇಲೆ ಒಂದು ಪುಸ್ತಕ. ಒಬ್ಬರು ಅದಕ್ಕೆ ಚಾಮರ ಬೀಸುತ್ತಿರುತ್ತಾರೆ. ಪಕ್ಕದಲ್ಲಿ ರಾಗಿಗಳು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡುತ್ತಾರೆ. ರಾಗಿ ಅಂದ್ರೆ ನಮ್ಮ ಮುದ್ದೆಯ ರಾಗಿ ಅಲ್ಲ, ರಾಗ ಹಾಡುವವರು!

ಆ ಪುಸ್ತಕ ಗುರು ಗ್ರಂಥ ಸಾಹಿಬ್, ಅದೇ ಗುರು. ಸುಮ್ನೆ ಗೌರವಕ್ಕೆ ಹೇಳುವ ಮಾತಲ್ಲ. ಹತ್ತನೆಯ ಗುರು ಗೋಬಿಂದ್ ಸಿಂಗ್ 1708ರಲ್ಲಿ ನಾಂದೇಡದಲ್ಲಿ, ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದರು. ಹಾಗಾಗಿ ರಾತ್ರಿ ಅದನ್ನು ಪಲ್ಲಕ್ಕಿಯಲ್ಲಿ ಹೊತ್ತೊಯ್ದು ಮಲಗಿಸುತ್ತಾರೆ, ನಸುಕಿನಲ್ಲಿ ಎಬ್ಬಿಸಿ ತರುತ್ತಾರೆ. ಪುಟವನ್ನು ಪುಟ ಅನ್ನುವುದಿಲ್ಲ, ‘ಅಂಗ್’ ಅನ್ನುತ್ತಾರೆ. ಅಂದರೆ ಅಂಗವೇ. ಅಂಥ 1430 ಅಂಗಗಳು. ಬರೆದವರೆಲ್ಲ ಸಿಖ್ಖರೂ ಅಲ್ಲ. ನೇಕಾರ ಕಬೀರ, ಚಮ್ಮಾರ ರವಿದಾಸ, ಸಿಂಪಿಗ ನಾಮದೇವ, ಸೂಫಿ ಶೇಖ್ ಫರೀದ್ ಇವರ ಪದಗಳೂ ಅದರಲ್ಲಿವೆ. ರಾಗದ ಪ್ರಕಾರ ಜೋಡಿಸಿದ್ದಾರೆ, ಒಟ್ಟು 31 ರಾಗ. ಇಡೀ ಗ್ರಂಥ ಶುರುವಾಗುವುದು ಅಕ್ಷರದಿಂದ ಅಲ್ಲ, ಒಂದು ಎಂಬ ಅಂಕೆಯಿಂದ. ಇಕ್ ಓಂಕಾರ್. ದೇವರು ಒಬ್ಬನೇ, ಅವನಿಗೆ ಆಕಾರ ಇಲ್ಲ, ಭಯ ಇಲ್ಲ, ಯಾರ ಮೇಲೂ ಹಗೆ ಇಲ್ಲ.

ಹೊರಗೆ ಬಂದಾಗ ಬೊಗಸೆಗೆ ಕಡಾ ಪ್ರಸಾದ ಹಾಕಿದರು. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮ ಪ್ರಮಾಣ. ಸತ್ಯನಾರಾಯಣ ಪೂಜೆಯ ಸಪಾದದ ನೆನಪಾಯಿತು. ತುಪ್ಪ ಮಾತ್ರ ಅದಕ್ಕಿಂತ ಜಾಸ್ತಿ. ಕೈ ಒರೆಸಿಕೊಳ್ಳಲು ಜಾಗ ಸಿಗದೆ ಅಂಗೈಗೆ, ಮೊಣಕೈಗೆ ತಿಕ್ಕಿಕೊಂಡೆ.

ಎದುರಿಗೇ ಅಕಾಲ್ ತಖ್ತ್, ಸಿಖ್ಖರ ಅಧಿಕಾರಪೀಠ. ಆರನೆಯ ಗುರು ಹರ್‌ಗೋಬಿಂದ್ 1606ರಲ್ಲಿ ಕಟ್ಟಿಸಿದ್ದು. ಒಂದು ಕತ್ತಿ ಲೌಕಿಕಕ್ಕೆ, ಒಂದು ಆಧ್ಯಾತ್ಮಕ್ಕೆ ಎಂದು ಅವರು ಎರಡು ಕತ್ತಿ ಧರಿಸುತ್ತಿದ್ದರು. 1984ರಲ್ಲಿ ಸೈನ್ಯ ನುಗ್ಗಿದಾಗ ಬಹಳ ಹಾಳಾದದ್ದು ಇದೇ ಕಟ್ಟಡ. ಮತ್ತೆ ಕಟ್ಟಿದ್ದಾರೆ. ಅದರ ಮುಂದೆ ನಿಂತು ಫೋಟೊ ತೆಗೆಯಲು ಮನಸ್ಸಾಗಲಿಲ್ಲ.

ಆಮೇಲೆ ಲಂಗರ್. ಅಂದ್ರೆ ಊಟದ ಮನೆ. ಬಾಗಿಲಲ್ಲೇ ಸ್ಟೀಲ್ ತಟ್ಟೆ, ಬಟ್ಟಲು, ಚಮಚ ಕೈಗಿಟ್ಟರು. ನೆಲದ ಮೇಲೆ ಉದ್ದಕ್ಕೆ ಚಾಪೆ. ಇದಕ್ಕೆ ಅವರು ‘ಪಂಗತ್’ ಅನ್ನುತ್ತಾರೆ. ನಮ್ಮ ಪಂಕ್ತಿಯೇ, ಅಲ್ವಾ? ಆ ಮಾತು ಕಿವಿಗೆ ಬಿದ್ದದ್ದೇ ಹಳೆಯದೊಂದು ಎದೆಗೆ ಚುಚ್ಚಿತು. ಹತ್ತು ವರ್ಷದವನಿದ್ದಾಗ ಒಂದು ದೇವಸ್ಥಾನದಲ್ಲಿ ಗೆಳೆಯನ ಜೊತೆ ಊಟಕ್ಕೆ ಕೂತಿದ್ದೆ. ಎಲೆಗೆ ನೀರು ಚಿಮುಕಿಸಿ, ಅನ್ನಕ್ಕೆ ಕಾಯುತ್ತಿದ್ದೆ. ಯಾರೋ ಬಂದು, ‘ನಿನ್ನದು ಈ ಪಂಕ್ತಿ ಅಲ್ಲ, ಆ ಕಡೆ’ ಎಂದು ತೋಳು ಹಿಡಿದು ಎಬ್ಬಿಸಿದರು. ಗೆಳೆಯ ಅಲ್ಲೇ ಉಳಿದ. ಒದ್ದೆ ಎಲೆಯನ್ನು ನಾನೇ ಎತ್ತಿಕೊಂಡು ಹೋದ ನೆನಪು.

ಇಲ್ಲಿ ನನ್ನ ಎಡಕ್ಕೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗ, ಬಲಕ್ಕೆ ಹರಿದ ಶಾಲಿನ ಮುದುಕಿ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ‘ದಾಲ್ ಜೀ, ದಾಲ್’ ಎಂದು ಬಕೆಟ್ ಹಿಡಿದವರು ಓಡುತ್ತಾ ಬಂದರು. ರೊಟ್ಟಿಗೆ ನಾನು ಒಂದು ಕೈ ಚಾಚಿದೆ. ಬಡಿಸುವವರು ನಿಂತೇ ಇದ್ದರು. ಮುದುಕಿ ಮೊಣಕೈಯಿಂದ ತಿವಿದು ಎರಡೂ ಕೈ ಜೋಡಿಸಿ ತೋರಿಸಿದಳು. ರೊಟ್ಟಿಯೂ ಪ್ರಸಾದವೇ, ಹೆಸರೂ ‘ಪರ್ಷಾದಾ’. ಬೊಗಸೆಯಲ್ಲೇ ತೆಗೆದುಕೊಳ್ಳಬೇಕು. ಮೂರನೆಯ ಗುರು ಅಮರ್‌ದಾಸರು, ಮೊದಲು ಪಂಗತ್‌ನಲ್ಲಿ ಕೂತು ಉಣ್ಣಿ, ಆಮೇಲೆ ನನ್ನನ್ನು ಕಾಣಿ ಎಂದು ಕಟ್ಟುನಿಟ್ಟು ಮಾಡಿದ್ದರಂತೆ. ಅಕ್ಬರ್ ಬಾದಶಹ ಬಂದಾಗಲೂ ನೆಲಕ್ಕೆ ಕೂತೇ ಉಂಡ ಎಂಬ ಕಥೆ ಇದೆ.

ಉಂಡ ತಟ್ಟೆ ಕೊಟ್ಟು ಹೊರಬಂದರೆ ಪಾತ್ರೆ ತೊಳೆಯುವ ಗದ್ದಲ. ಸಾವಿರಾರು ತಟ್ಟೆ ಒಟ್ಟಿಗೆ ಬಿದ್ದ ಸದ್ದು ಮಳೆಯ ಹಾಗೆ ನಿಲ್ಲುವುದೇ ಇಲ್ಲ. ಅದರ ಪಕ್ಕ ಒಂದಷ್ಟು ಜನ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಒಬ್ಬ ಸರ್ದಾರ್‌ಜೀ ಸ್ವಲ್ಪ ಸರಿದು ಜಾಗ ಕೊಟ್ಟರು. ಅರ್ಧ ಗಂಟೆ ಕೂತರಾಯಿತು ಅಂದುಕೊಂಡೆ.

ಅವರಿಗೆ ಲುಧಿಯಾನದಲ್ಲಿ ಬಿಡಿಭಾಗಗಳ ಅಂಗಡಿ. ಬಾಯಲ್ಲಿ ಸಣ್ಣಗೆ ‘ವಾಹೆಗುರು, ವಾಹೆಗುರು’. ಕೈ ಆಡಿದಾಗಲೆಲ್ಲ ಮಣಿಕಟ್ಟಿನ ಉಕ್ಕಿನ ಕಡ ಬೋಗುಣಿಯ ಅಂಚಿಗೆ ಟಿಣ್ ಟಿಣ್ ಎನ್ನುತ್ತಿತ್ತು. ಕೇಳಿದ್ದಕ್ಕೆ ಐದು ಬೆರಳು ಮಡಚಿ ಎಣಿಸಿದರು: ಕತ್ತರಿಸದ ಕೇಶ, ಅದನ್ನು ಬಾಚಲು ಕಂಘಾ, ಕೈಗೆ ಕಡಾ, ಒಳಗೆ ಕಛೇರಾ ಚಡ್ಡಿ, ಸೊಂಟಕ್ಕೆ ಕಿರ್ಪಾಣ್ ಎಂಬ ಕಿರುಗತ್ತಿ. ಅಮೃತ ಪಡೆದು ಖಾಲ್ಸಾ ಆದವರು, ಅಂದ್ರೆ ದೀಕ್ಷೆಯ ನೀರು ಕುಡಿದ ಸಿಖ್ಖರು, ಐದನ್ನೂ ಬಿಡುವ ಹಾಗಿಲ್ಲ. ಮಾಡಬೇಕಾದ್ದು ಏನು ಅಂದ್ರೆ ಮೂರೇ ಮಾತು: ನಾಮ್ ಜಪೋ, ಕಿರತ್ ಕರೋ, ವಂಡ್ ಛಕೋ. ದೇವರ ಹೆಸರು ನೆನೆ, ದುಡಿ, ಹಂಚಿ ತಿನ್ನು. ಗಳಿಕೆಯ ಹತ್ತರಲ್ಲಿ ಒಂದು ಪಾಲು ಗುರುವಿನದು. ಕಾಯಕ, ದಾಸೋಹ ಎಂದು ನಾನು ನಮ್ಮ ಬಸವಣ್ಣನವರ ಕಥೆ ಬಿಚ್ಚಿದೆ. ಬಸವಣ್ಣ ಹನ್ನೆರಡನೇ ಶತಮಾನದವರು, ಗುರು ನಾನಕ್ ಹುಟ್ಟಿದ್ದು 1469ರಲ್ಲಿ. ಯಾರು ಯಾರಿಂದ ಕಲಿತರು ಅನ್ನೋ ಜಗಳ ನನಗೆ ಬೇಡ.

‘ಕರ್ನಾಟಕ್? ಬೀದರ್!’ ಎಂದು ಅವರು ಹಿಗ್ಗಿದರು. ನಾನು ನಾನಕ್ ಝಿರಾ ಹೇಳುತ್ತಾರೆ ಅಂದುಕೊಂಡೆ. ಕಾಲೇಜಿನಲ್ಲಿದ್ದಾಗ ಹೋಗಿದ್ದೆ, ಗುರು ನಾನಕ್ ಪಾದದಿಂದ ಕಲ್ಲು ಸರಿಸಿ ಸಿಹಿನೀರು ಚಿಮ್ಮಿಸಿದರು ಎಂದು ನಂಬುವ ಬುಗ್ಗೆ. ಅವರು ಹೇಳಿದ್ದು ಬೇರೆ. 1699ರ ವೈಶಾಖಿ ಹಬ್ಬದ ದಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಕತ್ತಿ ಹಿರಿದು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದ ಐವರಲ್ಲಿ ಒಬ್ಬ ಬೀದರಿನ ಸಾಹಿಬ್ ಚಂದ್, ಕ್ಷೌರಿಕ. ಉಳಿದವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯವರು. ಕಬ್ಬಿಣದ ಬಟ್ಟಲಿನಲ್ಲಿ ನೀರು, ಬತ್ತಾಸು ಹಾಕಿ ಖಂಡೆ ಎಂಬ ಇಬ್ಬಾಯಿ ಕತ್ತಿಯಿಂದ ಕಲಕಿ ಆ ಅಮೃತವನ್ನು ಗುರು ಅವರಿಗೆ ಕುಡಿಸಿದರು. ಆಮೇಲೆ ಅದೇ ಐವರ ಮುಂದೆ ಮಂಡಿಯೂರಿ, ಈಗ ನನಗೆ ಕೊಡಿ ಎಂದರು. ‘ಕ್ಷೌರಿಕನ ಕೈಯಿಂದ ಗುರು ಕುಡಿದರು’ ಎಂದು ಸರ್ದಾರ್‌ಜೀ ಎರಡು ಸಲ ಹೇಳಿದರು.

ಸ್ವಲ್ಪ ಹೊತ್ತು ಬಿಟ್ಟು, ಎಸಳು ಸುಲಿಯುತ್ತಲೇ, ‘ನಮ್ಮ ಹಳ್ಳಿಯಲ್ಲಿ ಎರಡು ಗುರುದ್ವಾರ ಇವೆ. ಜಮೀನಿರುವ ಜಟ್ಟರದ್ದು ಒಂದು, ದಲಿತರದ್ದು ಒಂದು’ ಎಂದರು. ಅವರದ್ದು ಯಾವುದು ಎಂದು ನಾನು ಕೇಳಲಿಲ್ಲ. ಅವರೂ ನನ್ನ ಅಡ್ಡಹೆಸರು ಕೇಳಿರಲಿಲ್ಲ. ಬುಟ್ಟಿ ಖಾಲಿಯಾಯಿತು, ಯಾರೋ ಇನ್ನೊಂದು ತಂದು ಸುರಿದರು.

ತಲೆ ಎತ್ತಿದಾಗ ಕತ್ತಲಾಗಿತ್ತು. ವಾಘಾದ ಗೇಟು ಮುಚ್ಚಿ ಎಷ್ಟೋ ಹೊತ್ತಾಗಿರಬೇಕು. ರೂಮಿಗೆ ಹೋಗಿ ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಮರುದಿನ ರೈಲಿನಲ್ಲಿ ಮನೆಯಿಂದ ತಂದಿದ್ದ ಚಕ್ಕುಲಿ ಡಬ್ಬಿ ತೆಗೆದರೆ, ಚಕ್ಕುಲಿಗೂ ಬೆಳ್ಳುಳ್ಳಿ ವಾಸನೆ.