ಇಲ್ಲದ ಗಾಡಿಗೆ ಸದ್ದು ಎಲ್ಲಿಂದ ತರುವುದು?

ಮದುವೆ ಮನೆಯಲ್ಲಾಗಲಿ ಪೆರ್ಲ ಪೇಟೆಯಲ್ಲಾಗಲಿ, ನನ್ನ ಕೆಲಸ ಏನೆಂದು ಗೊತ್ತಾದವರು ಕೇಳುವುದು ಇದನ್ನೇ: “ಅದೆಂತ ಮಾರಾಯ, ಇನ್ನೂ ಹುಟ್ಟದ ಗಾಡಿಯ ಸದ್ದು ನಿನಗೆ ಹೇಗೆ ಗೊತ್ತು? ಕಂಪ್ಯೂಟರಿನಲ್ಲಿ ಒತ್ತಿದರೆ ಬರುತ್ತದಾ?”

ಆನಿಮೇಶನ್‌ಗಳಿಗೆ, ಗೇಮ್‌ಗಳಿಗೆ ಸದ್ದು ಕಟ್ಟುವುದು ನನ್ನ ಹೊಟ್ಟೆಪಾಡು. ಒತ್ತಿದರೆ ಬರುತ್ತದೆ, ಸುಳ್ಳಲ್ಲ. ಆದರೆ ಬರೀ ಸಿಂಥಸೈಸರಿನಲ್ಲಿ ಹುಟ್ಟಿದ ‘ಜುಂಯ್’ ಸದ್ದಿಗೆ ಮೈಭಾರ ಇರುವುದಿಲ್ಲ. ಪರದೆಯಲ್ಲಿ ಹತ್ತು ಟನ್ನಿನ ವಾಹನ ಹೋಗುತ್ತಿದ್ದರೂ ಕಿವಿಗೆ ಸೊಳ್ಳೆ ಹಾರಿದ ಹಾಗೆ. ಹಾಗಾಗಿ ಗಾಡಿಯ ಎಂಜಿನ್ ಯಾವುದೆಂದು ನಾನು ಮೊದಲಿಗೆ ಕೇಳುವುದೇ ಇಲ್ಲ. ಅದು ಏನು ಹೊತ್ತಿದೆ, ಎಲ್ಲಿ ಏದುಸಿರು ಬಿಡುತ್ತದೆ ಎಂದು ಕೇಳುತ್ತೇನೆ. ಎಂಜಿನ್ ಕಾಲಕ್ಕೆ ತಕ್ಕಂತೆ ಬದಲಾದೀತು, ಭಾರ ಹೊತ್ತವರ ಏದುಸಿರು ಎಲ್ಲಿಗೆ ಹೋದೀತು?

ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಲ್ಲವೇ! ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಪ್ರಯಾಣ ಕುಣಿತದಲ್ಲಿ ಚಕ್ರವೂ ಇಲ್ಲ, ಕುದುರೆಯೂ ಇಲ್ಲ. ಚೆಂಡೆಯವರ ಕೈ ಬಿರುಸಾದರೆ ಸವಾರಿ ಬಿರುಸಾಯಿತು, ಅಷ್ಟೆ. ರಾಕ್ಷಸರಂಥ ಪಾತ್ರಗಳ ಬಣ್ಣದ ವೇಷವಂತೂ ತೆರೆಯ ಹಿಂದಿನಿಂದಲೇ ಅಬ್ಬರಿಸುತ್ತದೆ. ಕಣ್ಣಿಗೆ ಬೀಳುವ ಮೊದಲೇ ಅದರ ಗಾತ್ರವನ್ನು ಕಿವಿ ಅಳೆದಾಗಿರುತ್ತದೆ. ನನ್ನ ಗಾಡಿಗಳೂ ಪರದೆಗೆ ಬರುವ ಒಂದೆರಡು ಸೆಕೆಂಡ್ ಮೊದಲೇ ಕೇಳಿಸತೊಡಗುವುದು ಈ ಲೆಕ್ಕದಲ್ಲಿ.

ಹಾಲಿವುಡ್ಡಿನವರು ಮಾಡಿದ್ದೂ ಬೇರೆಯಲ್ಲ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಟೈ ಫೈಟರ್ ಎಂಬ ಬಾಹ್ಯಾಕಾಶ ಯುದ್ಧನೌಕೆ ಚೀರಿಕೊಂಡು ಹೋಗುತ್ತದಲ್ಲ, ಆ ಚಿತ್ರಕ್ಕೆ ಸದ್ದು ಕಟ್ಟಿದ ಬೆನ್ ಬರ್ಟ್ ಅದನ್ನು ಮಾಡಿದ್ದು ಆನೆಯ ಘೀಳಿಗೆ ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದನ್ನು ಬೆರೆಸಿ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಸದ್ದೂ ಕೇಳಿಸದು. ಹಾಗೆಂದು ಥಿಯೇಟರಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ಈಗ ನನ್ನ ಕೈಯಲ್ಲಿರುವುದು ಗುಡ್ಡದಿಂದ ಗುಡ್ಡಕ್ಕೆ ಸರಕು ಸಾಗಿಸುವ, ನೆಲ ಮುಟ್ಟದ ಒಂದು ಲಾರಿ. ಅದರ ಬುಡದ ಸದ್ದು ಸಿಕ್ಕಿದ್ದು ಅಡಿಕೆ ತೋಟದಲ್ಲಿ, ಹುಲ್ಲು ಕತ್ತರಿಸುವ ಮೆಷಿನಿನಿಂದ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಸೆಕೆಂಡಿಗೆ 120 ಸಲ ಸಿಡಿಯುತ್ತದೆ, ಅಂದರೆ 120 ಹರ್ಟ್ಸ್. ಅದನ್ನು ಅರ್ಧ ವೇಗದಲ್ಲಿ ಓಡಿಸಿದರೆ ಒಂದು ಸ್ಥಾಯಿ ಕೆಳಗಿಳಿದು 60 ಆಗುತ್ತದೆ. ಹುಲ್ಲಿನ ಮೆಷಿನ್ ಎಂದು ಆಮೇಲೆ ಯಾರಿಗೂ ಗುರುತು ಹತ್ತುವುದಿಲ್ಲ. ಸುಮ್ಮನೆ ಉರಿಯುತ್ತಿರುವ ಮೆಷಿನ್ ನನಗೆ ಬೇಡ. ಬ್ಲೇಡು ದಪ್ಪ ಹುಲ್ಲಿಗೆ ಸಿಕ್ಕಿದಾಗ ಸದ್ದು ಕುಸಿದು, ತಡವರಿಸಿ, ಮತ್ತೆ ಮೇಲೇಳುತ್ತದೆ. ಆ ಕುಸಿತವೇ ಬೇಕಾದದ್ದು. ಕೆಂಪುಕಲ್ಲಿನ ಕೋರೆಯಲ್ಲಿ ಗರಗಸ ಕಲ್ಲಿಗೆ ಇಳಿಯುವಾಗಲೂ ಹಾಗೆಯೇ, ಅದನ್ನು ಲಾರಿ ಮೇಲೇರುವ ಕಡೆ ತೆಳುವಾಗಿ ಸೇರಿಸಿದ್ದೇನೆ.

ತೊಂದರೆ ಬೇರೆ ಕಡೆ ಇದೆ: ನೋಡುವವರು ಮೊಬೈಲಿನಲ್ಲಿ ನೋಡುತ್ತಾರೆ. ಅದರ ಪುಟ್ಟ ಸ್ಪೀಕರಿಗೆ 60 ಹರ್ಟ್ಸ್ ನುಡಿಸುವ ತಾಕತ್ತಿಲ್ಲ. ಅದಕ್ಕೆ ಒಂದು ಉಪಾಯ ಉಂಟು. 240, 300, 360 ಹೀಗೆ 60ರ ಮೇಲಿನ ಗುಣಕಗಳನ್ನು ಗಟ್ಟಿಯಾಗಿ ಕೊಟ್ಟರೆ, ಬುಡದ 60 ಇಲ್ಲದಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಂಡು ಕೇಳುತ್ತದೆ. ಸದ್ದಿನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮೋಸ ಇದು.

ಲಾರಿಯ ಒಳಗಿನ ಮಾರ್ದನಿ ನಮ್ಮ ಕಡೆಯ ನೀರಿನ ಸುರಂಗದ್ದು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಆ ಇಕ್ಕಟ್ಟಿನಲ್ಲಿ ಒಂದು ಬಲೂನ್ ಒಡೆದು ರೆಕಾರ್ಡ್ ಮಾಡಿಕೊಂಡರೆ, ಆ ಜಾಗದ ಮಾರ್ದನಿಯನ್ನು ಯಾವ ಸದ್ದಿಗೆ ಬೇಕಾದರೂ ತೊಡಿಸಬಹುದು.

ಇನ್ನು ವೇಗ. ಗಾಡಿ ಹತ್ತಿರ ಬರುವಾಗ ಸ್ವರ ಏರುವುದು, ದಾಟಿ ಹೋದ ಮೇಲೆ ಇಳಿಯುವುದು ಏಕೆಂದು ಭೌತವಿಜ್ಞಾನಿ ಡಾಪ್ಲರ್ 1842ರಲ್ಲೇ ಹೇಳಿದ್ದ. ಹೆದ್ದಾರಿ ಬದಿಯಲ್ಲಿ ನಿಂತರೆ, 100 ಕಿಲೋಮೀಟರ್ ವೇಗದಲ್ಲಿ ಹಾದುಹೋಗುವ ಕಾರಿನ ಹಾರನ್ ಹೆಚ್ಚುಕಡಿಮೆ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ, ಅಂದರೆ ‘ಗ’ದಿಂದ ‘ಸ’ಕ್ಕೆ, ಇಳಿಯುತ್ತದೆ. ಕಥೆಯಲ್ಲಿ ನನ್ನ ಲಾರಿಯ ವೇಗ ಗಂಟೆಗೆ 500 ಕಿಲೋಮೀಟರ್. ಲೆಕ್ಕದ ಪ್ರಕಾರ ಹೋದರೆ ಒಂದು ಸ್ಥಾಯಿಗಿಂತಲೂ ಹೆಚ್ಚು ಇಳಿಯಬೇಕು. ಹಾಗೆ ಇಳಿಸಿದರೆ ಲಾರಿ ಮಕ್ಕಳ ಪೀಪಿಯಾಗುತ್ತದೆ! ಭೌತಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಬೇಕು, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಭಾವಂದಿರೊಬ್ಬರು ಬಿಡುವುದಿಲ್ಲ: “ಮುಂದೆ ಬರುವುದೆಲ್ಲ ಕರೆಂಟಿನ ಗಾಡಿ. ಸದ್ದೇ ಇರುವುದಿಲ್ಲವಲ್ಲ?” ಇದೆ ಭಾವ, ಕಾನೂನೇ ಮಾಡಿದ್ದಾರೆ. ಇಲೆಕ್ಟ್ರಿಕ್ ಕಾರು ನಿಧಾನಕ್ಕೆ ಹೋಗುವಾಗ ನಡೆದು ಹೋಗುವವರಿಗೆ, ಅದರಲ್ಲೂ ಕಣ್ಣು ಕಾಣದವರಿಗೆ ಗೊತ್ತಾಗಲೆಂದು ವಿಶ್ವಸಂಸ್ಥೆಯ 138ನೇ ವಾಹನ ನಿಯಮ ಬಂದಿದೆ. 10 ಕಿಲೋಮೀಟರ್ ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ 56. ವೇಗ ಒಂದೊಂದು ಕಿಲೋಮೀಟರ್ ಏರಿದ ಹಾಗೆ ಸ್ವರವೂ ಸರಾಸರಿ ಶೇಕಡಾ 0.8ರಷ್ಟು ಏರಬೇಕು. ಇಲ್ಲದ ಎಂಜಿನಿಗೆ ಸದ್ದು ಮಾಡಿಕೊಡುವ ನನ್ನಂಥವರನ್ನು ಕಾರಿನ ಕಂಪನಿಗಳೂ ಸಂಬಳ ಕೊಟ್ಟು ಇಟ್ಟುಕೊಂಡಿವೆ.

ಲಾರಿಯ ಓಟ ಮುಗಿದಿದೆ, ಬಾಗಿಲು ಬಾಕಿ. ಬಾಗಿಲು ‘ಉಸ್ಸ್’ ಅನ್ನಬೇಕೆಂದು ನಿರ್ದೇಶಕರ ಹಟ. ಮುಂದಿನ ಕಾಲದ ಬಾಗಿಲುಗಳೆಲ್ಲ ಯಾಕೆ ಉಸ್ಸೆನ್ನಬೇಕೋ! ಸರಕಿನ ಗಾಡಿ ಅಲ್ಲವೇ, ತುಕ್ಕು ಹಿಡಿದ ಕೊಂಡಿ ‘ಟಣ್’ ಎಂದು ಬಿದ್ದರೆ ಸಾಕು ಎಂದು ನಾನು ವಾದಿಸುತ್ತಿದ್ದೇನೆ.